ಅಮವಾಸ್ಯೆಯ ದಿನ ಅಪ್ಪಾಸಾಬ ಬಿಚ್ಚುತ್ತಿದ್ದ ಪ್ಯಾಕಿಂಗ್

ಎಲ್ಲರಿಗೂ ಶರಣು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಕೆಲಸ ಬಿಟ್ಟು ಬಂದಿರುವ ಮೇಸ್ತ್ರಿಗಳೇ, ನಮ್ಮ ಸಿಂದಗಿಯ ಹಿರಿಯರೇ, ತಾಯಂದಿರೇ — ಮುಂದಿನ ಸಾಲಿನಲ್ಲಿ ಕುಳಿತಿರುವ, ಅಗಲಿದ ಗೆಳೆಯನ ಹೆಂಡತಿ ಇಂದುಬಾಯಿ ವೈನಿ, ಅವನ ಮಗಳು ಕೋಮಲ — ನಿಮಗೆಲ್ಲ ಕೈ ಮುಗಿದು ಮಾತು ಶುರು ಮಾಡುತ್ತೇನೆ. ನಾನು ಸಂಗಣ್ಣ. ದೇವರ ಹಿಪ್ಪರಗಿ ರಸ್ತೆಯ ಗ್ಯಾರೇಜಿನಲ್ಲಿ ದಿವಂಗತ ಅಪ್ಪಾಸಾಬ ಮೇಸ್ತ್ರಿಯವರ ಜೋಡಿ ಕೆಲಸ ಮಾಡಿದವನು. 'ಮೇಸ್ತ್ರಿಯವರು' ಎನ್ನಲು ನಾಲಿಗೆ ಹೊರಳುತ್ತಿಲ್ಲ. ಒಂದೇ ಬುತ್ತಿಯ ರೊಟ್ಟಿ ಮುರಿದು ತಿಂದವರು ನಾವು. ನನಗೆ ಅವನು 'ಅವನೇ'. ಸಭೆಯ ಮರ್ಯಾದೆ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗಿಂತ ಮೊದಲು ಮಾತಾಡಿದ ಹಿರಿಯರು ಅವನನ್ನು ಸಾಧು ಎಂದರು. ಸಾಧು? — ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು! ಯಾರಾದರೂ ಅಂಟಿದ ಪ್ಯಾಕಿಂಗ್ ತೆಗೆಯಲು ಕಬ್ಬಿಣದ ಉಳಿ ಹಿಡಿದರೆ ಸಾಕು, ಹೀಗೆ — ಹೀಗೆ ಕೈ ಎತ್ತಿಕೊಂಡು ಬರುತ್ತಿದ್ದ. "ಏ, ಗೋಡಿ ಒಡ್ಯಾಕ ಬಂದೀಯೇನ? ಇಂಜಿನ್ನಿಗೂ ಮಾರಿ ಇರ್ತೈತಿ. ಅದರ ಮಾರಿ ಕೆಡಿಸಿದ್ರ ನಿನ್ನ ಮಾರಿ ಕೆಡಿಸ್ತೇನಿ!"

ಈ ಕೆಲಸ ಗೊತ್ತಿಲ್ಲದ ತಾಯಂದಿರು ಇದ್ದೀರಿ, ನಿಮಗಾಗಿ ಹೇಳುತ್ತೇನೆ. ಕಾರಿನ ಇಂಜಿನ್ನಿನಿಂದ ಹೊಗೆ ಹೊರಬೀಳುವ ಕಡೆ ಒಂದು ಕಬ್ಬಿಣದ ಕೊಳವೆ ಕೂಡಿಸಿರುತ್ತಾರೆ. ಆ ಕೂಡಿಕೆಯ ನಡುವೆ ಒಂದು ತೆಳ್ಳನೆಯ ಹಾಳೆ. ಅದೇ ಪ್ಯಾಕಿಂಗ್. ಹಳೆಯ ಗಾಡಿಯಲ್ಲಿ ಅದು ಸುಟ್ಟು ಸುಟ್ಟು, ಹಂಚಿಗೆ ಹತ್ತಿದ ರೊಟ್ಟಿಯ ಹಾಗೆ ಹತ್ತಿಬಿಡುತ್ತದೆ. ಅಲ್ಲಲ್ಲಿ ಬಿರುಕು ಬಿಟ್ಟರೆ ಹೊಗೆ ಹಿಂದಿನ ಸೈಲೆನ್ಸರಿಗೆ ಹೋಗದೆ, ಕುಳಿತವರ ಮೂಗಿಗೆ ಬರುತ್ತದೆ. ಅದನ್ನು ಬಿಚ್ಚುವುದಕ್ಕೆ ತಾಳ್ಮೆ ಬೇಕು. ಮೊದಲು ಇಂಜಿನ್ ಚಾಲೂ ಮಾಡಿ ಕಾಯಿಸಬೇಕು. ಬಂದ್ ಮಾಡಿ, ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಡಬೇಕು. ಜಗ್ಗದಿದ್ದರೆ ಮತ್ತೆ ಕಾಯಿಸಬೇಕು. ಕೊಳವೆ ಇಳಿದ ಮೇಲೆ, ಇಂಜಿನ್ನಿನ ಹೊಗೆ ಬರುವ ಬಾಯಿಗಳಿಗೆ ಬಟ್ಟೆ ತುರುಕಿ, ಹಿತ್ತಾಳೆಯ ಪಟ್ಟಿಯಿಂದ ಮೆಲ್ಲಗೆ ಕೆರೆಯಬೇಕು. ಅಪ್ಪಾಸಾಬ ಕೆರೆದ ಮೇಲೆ ಆ ಜಾಗದಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಇನ್ನೊಂದು ಮಾತು. ಅಮವಾಸ್ಯೆಯ ದಿನ ನಮ್ಮ ಗ್ಯಾರೇಜುಗಳಲ್ಲಿ ಪೂಜೆ ಮಾಡುತ್ತೇವೆ, ಕಾಯಿ ಒಡೆಯುತ್ತೇವೆ, ನಿಂಬೆಹಣ್ಣು ಕಟ್ಟುತ್ತೇವೆ — ನಟ್ಟು ತಿರುಗಿಸುವ ಪಾನಾ ಮಾತ್ರ ಮುಟ್ಟುವುದಿಲ್ಲ. ಈ ರಿವಾಜನ್ನು ಅಪ್ಪಾಸಾಬನಷ್ಟು ಬಿಗಿಯಾಗಿ ಹಿಡಿದವರು ಈ ನಾಲ್ಕೂ ತಾಲೂಕಿನಲ್ಲಿ ಇರಲಿಲ್ಲ. ಒಂದು ಅಮವಾಸ್ಯೆ ನಾನು ಯಾರದೋ ಬೈಕಿನ ಸಡಿಲಾದ ಬೋಲ್ಟು ತಿರುಗಿಸಿದೆ. ಅಷ್ಟೇ! "ಸಂಗ್ಯಾ, ದೇವರು ಮಕ್ಕೊಂಡಾನಂತ ತಿಳಕೊಂಡೀಯೇನ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಮುಂದಿನ ಅಮವಾಸ್ಯೆಯವರೆಗೂ ಎಲ್ಲರೂ ನನ್ನನ್ನು ಕಾಡಿಸಿದರು. ಅವನೂ ನಕ್ಕ, ನಾನೂ ನಕ್ಕೆ.

ಈಗ — ಹೋದ ಅಮವಾಸ್ಯೆಯ ಮಾತು. ಹೇಳಲೇಬೇಕು.

ಹಿಂದಿನ ದಿನ ಲಚ್ಯಾಣದ ಶ್ರೀಶೈಲಪ್ಪನವರು ತಮ್ಮ ಹಳೆಯ ಪೆಟ್ರೋಲ್ ಅಂಬಾಸಿಡರ್ ತಂದು ಬಿಟ್ಟಿದ್ದರು. ಗಾಡಿಯೊಳಗೆ ಹೊಗೆ ಬಂದು ಅವರ ಹೆಂಡತಿಗೆ ಕೆಮ್ಮು ಹತ್ತುತ್ತಿತ್ತು. ಅಮವಾಸ್ಯೆಯ ಮರುದಿನ ಅವರನ್ನು ಬಿಜಾಪುರದ ದವಾಖಾನೆಗೆ ಕರೆದೊಯ್ಯಬೇಕಿತ್ತು. ಅಪ್ಪಾಸಾಬ ನಮ್ಮೆಲ್ಲರ ಮುಂದೆಯೇ ಹೇಳಿದ — "ನಾಳೆ ಅಮವಾಸಿ ಐತ್ರಿ, ಪಾನಾ ಮುಟ್ಟೂದಿಲ್ಲ. ಬ್ಯಾರೆ ಗಾಡಿ ನೋಡ್ಕೋರಿ." ಅಮವಾಸ್ಯೆಯ ದಿನ ಪೂಜೆ ಮುಗಿಸಿ ಎಲ್ಲರೂ ಮನೆಗೆ ಹೋದೆವು. ಮಧ್ಯಾಹ್ನ ಪಕ್ಕದ ಟೈರ್ ಅಂಗಡಿಯ ಮುತ್ತುರಾಜನಿಗೆ, ಇಳಿಸಿದ ಶಟರಿನ ಹಿಂದೆ ಇಂಜಿನ್ ಓಡುವ ಸದ್ದು ಕೇಳಿತು. ಶಟರ್ ಎತ್ತಿದ. ಒಳಗೆ ಹೊಗೆ. ಡ್ರೈವರ್ ಸೀಟಿನಲ್ಲಿ, ಬಾಗಿಲಿಗೆ ತಲೆ ಆನಿಸಿ ಅಪ್ಪಾಸಾಬ. ಜೀವ ಇರಲಿಲ್ಲ.

ಆವತ್ತಿನಿಂದ ಊರಿಗೆ ಒಂದೇ ಮಾತು. ಅಮವಾಸ್ಯೆ ದಿನ ಇವನಿಗೆ ಅಲ್ಲೇನು ಕೆಲಸ? ಶಟರ್ ಯಾಕೆ ಎಳೆದುಕೊಂಡ? ಗಾಡಿ ಯಾಕೆ ಚಾಲೂ ಮಾಡಿ ಕುಳಿತ? 'ಬೇಕಂತಲೇ ಹೋದ.' ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈ ಮಾತು ಚಹಾದ ಜೋಡಿ ಚುರುಮುರಿಯಂತೆ ಹಂಚಿಕೆಯಾಯಿತು. ಇಲ್ಲಿ ಕುಳಿತವರಲ್ಲೂ ಕೆಲವರು ಆಡಿದ್ದೀರಿ. ಹೆಸರು ಹೇಳುವುದಿಲ್ಲ. ಆಡುವವರ ಬಾಯಿಗೆ ಅಡ್ಡ ಕೈ ಇಡಲು ಆಗುವುದಿಲ್ಲ.

ನಾನು ಸುಮ್ಮನಿದ್ದೆ. ಯಾಕೆಂದರೆ — ನನಗೆ ಹೆದರಿಕೆ. ಹೌದು, ಹೆದರಿಕೆ! ಆ ಗಾಡಿ ಅಲ್ಲೇ ಮೂಲೆಯಲ್ಲಿ ನಿಂತಿದೆ. ಅದಕ್ಕೆ ಬೆನ್ನು ಮಾಡಿ ಕೆಲಸ ಮಾಡಲು ನನಗೆ ಆಗುತ್ತಿಲ್ಲ. ಯಾವ ಗಾಡಿ ಚಾಲೂ ಆದರೂ, ಅದರ ಫುಸ್ ಫುಸ್ ಸದ್ದಿನಲ್ಲಿ ಯಾರೋ ಉಸಿರಾಡಿದ ಹಾಗೆ ಕೇಳುತ್ತದೆ. ಸಂಜೆ ಶಟರ್ ಎಳೆಯುವ ಮೊದಲು ಬಗ್ಗಿ, ಒಳಗಿನ ಕತ್ತಲೆಗೆ ಕೂಗುತ್ತೇನೆ — "ಅಪ್ಪಾಸಾಬ, ಒಳಗ ಅದೀಯೇನೋ?" ಯಾರೂ ಓ ಎನ್ನುವುದಿಲ್ಲ. ಆದರೂ ಒಂದು ಗಳಿಗೆ ಕಾಯುತ್ತೇನೆ. ಆಮೇಲೆ ಎಳೆಯುತ್ತೇನೆ.

ನಿನ್ನೆ ಕೋಮಲ ಬಂದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ನನ್ನ ಮುಂದೆ ನಿಂತು ಕೇಳಿದಳು — "ಕಾಕಾ, ಸುಳ್ಳ ಹೇಳಬ್ಯಾಡ್ರಿ. ಅಪ್ಪ ಬೇಕಂತ ಹೋದ್ರೇನು? ಆವತ್ತ ಮುಂಜಾನಿ ಫೋನಿನ್ಯಾಗ ಅವರ ಜೋಡಿ ಜಗಳಾಡಿದ್ನಿ ನಾ. ನನ್ನ ಮಾತಿಗೇನಾರ..." ಆ ಕೂಸಿನ ಮುಖ ನೋಡಿ — ಯಾವ ದೆವ್ವಕ್ಕೆ ಹೆದರಲಿ ನಾನು? ನೆಟ್ಟಗೆ ಹೋಗಿ ಆ ಗಾಡಿಯ ಬಾನೆಟ್ ಎತ್ತಿದೆ. ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ.

ಮೇಸ್ತ್ರಿಗಳೇ, ಕಿವಿಗೊಟ್ಟು ಕೇಳಿ. ಬ್ಯಾಟರಿಯ ಪಕ್ಕ ಹಿತ್ತಾಳೆಯ ಪಟ್ಟಿ ಇತ್ತು. ಇಂಜಿನ್ನಿನ ಬಾಯಿಗೆ ತುರುಕಲು ಹರಿದ ಬಟ್ಟೆ ಇತ್ತು. ಹೊಸ ಪ್ಯಾಕಿಂಗ್, ಕಾಗದದಲ್ಲಿ ಸುತ್ತಿದ್ದು, ಇತ್ತು. ತುದಿಯ ನಟ್ಟುಗಳು ಬೆರಳಿನಲ್ಲೇ ತಿರುಗುವಷ್ಟು ಸಡಿಲಾಗಿದ್ದವು. ನಡುವಿನವು ಜಗ್ಗಿರಲಿಲ್ಲ. ಅವುಗಳ ಮೂಲೆಯಲ್ಲಿ ಪಾನಾ ಜಾರಿದ ಗುರುತು ಇನ್ನೂ ಹೊಳೆಯುತ್ತಿತ್ತು. ಇನ್ನೇನು ಬೇಕು ನಿಮಗೆ? ಜಗ್ಗದ ನಟ್ಟು ಕಾಯಲಿ ಎಂದು ಇಂಜಿನ್ ಮತ್ತೆ ಚಾಲೂ ಮಾಡಿದ್ದಾನೆ. ಹಳೆಯ ಗಾಡಿ, ತಣ್ಣಗಿದ್ದರೆ ನಿಂತುಬಿಡುತ್ತದೆ. ಅದಕ್ಕೇ ಸೀಟಿನಲ್ಲಿ ಕುಳಿತು ಎಕ್ಸಲೇಟರ್ ಒತ್ತಿದ್ದಾನೆ. ತುದಿಯ ನಟ್ಟು ಸಡಿಲ ಮಾಡಿದ್ದರಿಂದ ಕೂಡಿಕೆ ಬಾಯಿ ಬಿಟ್ಟಿತ್ತು. ಹೊಗೆಯೆಲ್ಲ ಅಲ್ಲಿಂದಲೇ ಬಂತು. ಆ ತಾಯಿಗೆ ಕೆಮ್ಮು ತಂದ ಹೊಗೆ, ಅದನ್ನು ನಿಲ್ಲಿಸಲು ಹೋದವನನ್ನೇ ತಿಂದಿತು.

ಮುತ್ತುರಾಜನನ್ನು ಕೇಳಿದೆ. ಅವನು ಇಲ್ಲೇ ಇದ್ದಾನೆ, ಕೇಳಿಕೊಳ್ಳಿ. "ಬಾನೆಟ್ ತೆರೆದಿತ್ತಣ್ಣಾ. ಇಂಜಿನ್ ಬಂದ್ ಮಾಡಿ, ಗಡಿಬಿಡ್ಯಾಗ ನಾನೇ ಮುಚ್ಚಿದ್ನಿ. ನನ್ನ ಯಾರೂ ಕೇಳಲಿಲ್ಲ." ಕೇಳಲಿಲ್ಲ! ಎಲ್ಲರಿಗೂ ಹೇಳುವುದೇ ಬೇಕಿತ್ತು, ಕೇಳುವುದು ಯಾರಿಗೂ ಬೇಕಿರಲಿಲ್ಲ. ಇಂದುಬಾಯಿ ವೈನಿಗೆ ಅವನು ಹೋಗುವಾಗ ಏನು ಹೇಳಿದ್ದ ಗೊತ್ತೇ? "ಹೋಳಿಗಿ ಮಾಡಾಕ ಹಚ್ಚು, ಬಿಸಿ ಇರೂದ್ರಾಗ ಬಂದ್ನಿ." ಸಾಯಲು ಹೊರಟವನು ಬಿಸಿ ಹೋಳಿಗೆ ಕೇಳುತ್ತಾನೆಯೇ?

ಹಾಗಾದರೆ ಶಟರ್ ಯಾಕೆ ಎಳೆದ? ನಿನ್ನೆಯಿಂದ ಇದೇ ನನ್ನನ್ನು ಕೊರೆಯುತ್ತಿದೆ. ಬೇರೆಯವರ ಶಟರ್ ಗಾಳಿಗೆ, ಧೂಳಿಗೆ ಇಳಿಯುತ್ತದೆ. ಇವನದು ಇಳಿದದ್ದು — ನಮಗಾಗಿ. ಅಮವಾಸ್ಯೆಯ ದಿನ ಅಪ್ಪಾಸಾಬ ಮೇಸ್ತ್ರಿ ಪಾನಾ ಹಿಡಿದದ್ದನ್ನು ನಾವು ನೋಡಬಾರದು ಎಂದು. ಶ್ರೀಶೈಲಪ್ಪನವರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದ, ಆದರೆ ಆ ತಾಯಿಯ ಕೆಮ್ಮು ಇವನ ಕಿವಿಯಿಂದ ಹೋಗಲಿಲ್ಲ. ದೇವರು ಕ್ಷಮಿಸುತ್ತಾನೆ ಎಂಬ ಧೈರ್ಯ ಅವನಿಗೆ ಇದ್ದಿರಬೇಕು. ನಾವು ಬಿಡುತ್ತೇವೆ ಎಂಬ ಧೈರ್ಯ ಇರಲಿಲ್ಲ. ನೋಡಿದ್ದರೆ ನಾವು ಏನು ಮಾಡುತ್ತಿದ್ದೆವು, ಹೇಳಿ? ನಗುತ್ತಿದ್ದೆವು. ಒಂದು ತಿಂಗಳು ಕಾಡಿಸುತ್ತಿದ್ದೆವು. ಅಷ್ಟೇ. ಅಷ್ಟಕ್ಕೆ ಅಂಜಿ ಅವನು ಗಾಳಿ ಬರುವ ದಾರಿ ಮುಚ್ಚಿಕೊಂಡ.

ಶ್ರೀಶೈಲಪ್ಪನವರೇ, ತಲೆ ಎತ್ತಿರಿ, ನಿಮ್ಮದೇನೂ ತಪ್ಪಿಲ್ಲ. ವೈನಿ, ಅವನು ನಿಮ್ಮನ್ನು ಬಿಟ್ಟು ಹೋದವನಲ್ಲ. ಕೋಮಲ, ಕೂಸೇ, ಅಪ್ಪ-ಮಗಳ ಜಗಳ ಸಂಜೆಗೆ ತಾನೇ ಆರುತ್ತದೆ. ಅದು ಆರುವ ಮೊದಲೇ ಹೀಗಾಯಿತು, ಅದು ನಮ್ಮ ದುರ್ದೈವ. ನಿನ್ನ ಮಾತು ಅವನನ್ನು ಕೊಂದಿಲ್ಲವ್ವಾ. ಇದನ್ನು ನಾಲ್ಕು ತಾಲೂಕಿನ ಮೇಸ್ತ್ರಿಗಳ ಮುಂದೆ ಎದೆ ಮುಟ್ಟಿ ಹೇಳುತ್ತೇನೆ.

ಇನ್ನು ಎಲ್ಲರೂ ಎದ್ದು ನಿಲ್ಲಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ತಲೆ ತಗ್ಗಿಸಿ, ಸುಮ್ಮನೆ ನಿಲ್ಲೋಣ. ಮೌನ ಮುಗಿದ ಮೇಲೆ ಮಾತ್ರ ಸುಮ್ಮನೆ ಹೋಗಬೇಡಿ. ಈ ಕೂಸಿನ ಹತ್ತಿರ ಒಬ್ಬೊಬ್ಬರಾಗಿ ಬನ್ನಿ. ಬೇರೆ ಸಮಾಧಾನ ಏನೂ ಹೇಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಆಡಿದ ಅದೇ ಬಾಯಿಂದ ಇಷ್ಟು ಹೇಳಿ — "ನಿಮ್ಮಪ್ಪ ಕೆಲಸಾ ಮುಗಿಸಿ ಮನಿಗೆ ಬರಾವ್ರಿದ್ರವಾ."

ಏಳಿ. ನಿಲ್ಲೋಣ.