ರಕ್ತಪರೀಕ್ಷೆಯ ಬದಲು ವಿಟಮಿನ್

ಬೆಳಿಗ್ಗೆ ಒಂಬತ್ತೂ ಕಾಲು. ಸಹಕಾರನಗರದ ಒಂದು ನರ್ಸಿಂಗ್ ಹೋಮ್‌ನಲ್ಲಿ, ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ತಮ್ಮನನ್ನು ಬೈಯುತ್ತಿದ್ದರು. ಇಬ್ಬರ ನಡುವೆ ಗಾಲಿಕುರ್ಚಿಯಲ್ಲಿ ಅವರ ತಾಯಿ ಕಣ್ಣು ಮುಚ್ಚಿ ಒರಗಿದ್ದರು.

"ಲೋ ಮಹೇಂದ್ರ, ಈ ಆ್ಯಂಟಿಬಯೋಟಿಕ್ಕು ಕಿಡ್ನಿಗೆ ಹೊಡೀತದೆ, ಮೂರನೇ ಇಂಜೆಕ್ಷನ್ ಆದ್ಮೇಲೆ ರಕ್ತ ಟೆಸ್ಟ್ ಮಾಡ್ಸಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?"

"ಅದಕ್ಕೇ ವಿಟಮಿನ್ ಇ ಕೊಟ್ನಲ್ಲಕ್ಕಾ. ಕಿಡ್ನಿ ಕಾಪಾಡ್ತದೆ ಅಂತ ರಿಸರ್ಚ್ ಆಗೈತೆ."

"ಯಾರ ಮೇಲೆ?"

"ಇಲಿ ಮೇಲೆ."

"ಅಮ್ಮ ಇಲಿಯೇನೋ? ಮನೆಗೆ ಬಂದ ಲ್ಯಾಬಿನವ್ರನ್ನ ವಾಪಸ್ ಕಳ್ಸಿದ್ಯಲ್ಲೋ!"

"ಅಮ್ಮನ ಕೈ ನೋಡಕ್ಕಾ, ಚುಚ್ಚಿ ಚುಚ್ಚಿ ನೀಲಿಗಟ್ಟೈತೆ. ಬೇಡ ಅಂತ ಅತ್ಲು."

"ಅತ್ಲು ಅಂತ ಇಂಜೆಕ್ಷನ್ ನಿಲ್ಸಿದ್ಯಾ? ಐದೂ ಹಾಕ್ಸಿದ್ದೀಯ. ಟೆಸ್ಟಿನ ಸೂಜಿ ಮಾತ್ರ ನೋವಾಯ್ತಾ?"

ಅವನು ತಾಯಿಯ ಸೆರಗನ್ನು ಭುಜದ ಮೇಲೆ ಸರಿಮಾಡಿದ.

"ಎರಡು ದಿನದಿಂದ ಉಚ್ಚೆ ಸರಿಯಾಗಿ ಹೋಗ್ತಿಲ್ಲ. ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಇಂಗೆ ಕೂಗಾಡ್ತೀಯ ಅಂತ."

ಅಷ್ಟರಲ್ಲಿ ನರ್ಸ್, ಅವತ್ತು ಬೆಳಿಗ್ಗೆ ಬಂದ ಕೂಡಲೇ ತೆಗೆದಿದ್ದ ರಕ್ತದ ವರದಿ ಹಿಡಿದು ಬಂದರು. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಇಂಜೆಕ್ಷನ್ ಶುರುವಾಗುವ ಮುಂಚೆ 0.9 ಇದ್ದದ್ದು, 3.4ಕ್ಕೆ ಏರಿತ್ತು. ಆರನೇ ಇಂಜೆಕ್ಷನ್ ಬೇಡ, ಈಗಲೇ ದಾಖಲಾಗಬೇಕು ಅಂತ ಡಾಕ್ಟರ್ ಹೇಳಿದ್ದಾರೆ ಎಂದರು. ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಲಿಫ್ಟಿನೊಳಗೆ ಹೋದರು. ಮಹೇಂದ್ರ ಮೆಟ್ಟಿಲು ಹತ್ತಿದ.