ತಲೆಕೆಳಗಾಗಿದ್ದ ಆನೆ

ಬೈಂಡಿಂಗ್ ಅಂಗಡಿಯ ಬೆಂಚಿನಲ್ಲಿ ಟೀಚರಮ್ಮನ ಕಣ್ಣು ಪೇಪರಿನ ಮೇಲಿತ್ತು, ಕಿವಿಯೆಲ್ಲ ಪಕ್ಕದ ಅಕ್ಕ-ತಮ್ಮನ ಕಡೆಗೆ. ಅಕ್ಕನ ತೊಡೆಯ ಮೇಲೆ, ತೀರಿಹೋದ ಅಪ್ಪ ಬೆಂಕಿಪೊಟ್ಟಣದ ಚಿತ್ರಗಳನ್ನು ಅಂಟಿಸಿಟ್ಟಿದ್ದ ಹಳೇ ಪುಸ್ತಕ.

"ಹಾಳೆ ಪುಡಿಯಾಗ್ತಿದೆ ಅಕ್ಕಾ. ಚಿತ್ರಗಳನ್ನ ಅದರಿಂದ ಬಿಡಿಸಿ ತೆಗೆದುಬಿಡೋಣ."

"ಮೈದಾ ಅಂಟು ಕಣೋ. ಹರಿದೇ ಬರುತ್ತೆ."

"ಹಬೆ ಹಿಡಿದ್ರೆ ಬಿಡುತ್ತೆ. ಒದ್ದೆ ಬಟ್ಟೆ ಮಾತ್ರ ಇಡಬಾರದು."

"ಅದು ನಿನಗೆ ಹೇಗೆ ಗೊತ್ತು?"

"ಒಂದಕ್ಕೆ ಇಟ್ಟು ನೋಡ್ದೆ. ಬಣ್ಣ ಕರಗಿ ಬರೀ ಕಲೆ ಉಳೀತು."

"ಯಾವುದಕ್ಕೆ?"

"ತಲೆಕೆಳಗಾಗಿತ್ತಲ್ಲ, ಆ ಆನೆ. ಹೇಗಿದ್ರೂ ತಪ್ಪಾಗಿ ಅಂಟಿಸಿದ್ದು ಅಂತ..."

"ಅಂಟಿಸಿದ್ದು ನೀನು. ಆಗ ನಿನಗಿನ್ನೂ ತೊದಲು ಮಾತು. ನಾನು ಸರಿ ಮಾಡೋಕೆ ಹೋದ್ರೆ ಅಪ್ಪ ನನ್ನ ಕೈಗೇ ಹೊಡೆದ್ರು."

ಬೈಂಡರ್ ಕರೆದ. ಅಕ್ಕ ಎದ್ದು ಹೋಗಿ ಪುಸ್ತಕ ಕೊಟ್ಟಳು.

"ಒಂದು ಚಿತ್ರಾನೂ ಕೀಳಬೇಡಿ. ಆ ಕಲೇನೂ ಹಾಗೇ ಇರ್ಲಿ."

ತಮ್ಮ ಆಗಲೇ ತಲೆ ತಗ್ಗಿಸಿಕೊಂಡು ಬಾಗಿಲು ದಾಟಿದ್ದ.