ವರದಿಯಲ್ಲಿಲ್ಲದ ಸೀಟಿ

ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ಸಂಜುಕುಮಾರ ಅವರೇ, ಅವರ ಎಡಬಲಕ್ಕಿರುವ ಅತಿಥಿಗಳೇ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಿಂದ ಬಸ್ಸು ಹತ್ತಿ ಬಂದಿರುವ ತಂದೆತಾಯಿಗಳೇ, ಮಕ್ಕಳೇ, ಸಭಿಕರೇ, ಮತ್ತು ವೇದಿಕೆಯ ಮೇಲೆ ಕುರ್ಚಿ ಸಿಗದೆ ಕಡೆಯ ಸಾಲಿನಲ್ಲಿ ಕುಳಿತಿರುವ ವಿದ್ಯಾವತಿ ಮೇಡಂ ಅವರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮಕ್ಕಳಿಗೆ ಬಯಲಿನ ವಿದ್ಯೆ ಕಲಿಸುವುದರಿಂದ ಆಗುವ ಲಾಭಗಳನ್ನು ಹೇಳಿ, ಶಾಲು ಹೊದ್ದುಕೊಂಡು, ಕೈ ಮುಗಿದು ಕೂಡಬೇಕು ಎಂದು ಹೇಳಿದ್ದಾರೆ. ನಾನು ಐದು ನಿಮಿಷದಲ್ಲಿ ಮುಗಿಸುವುದಿಲ್ಲ. ಬೇಸರವಾದವರು ಹೊರಗೆ ಹೋಗಿ ಚಹಾ ಕುಡಿಯಬಹುದು, ಚಹಾ ತಯಾರಾಗಿದೆ, ವಾಸನೆ ಇಲ್ಲಿಗೇ ಬರುತ್ತಿದೆ. ಆದರೆ ಶಿಬಿರಕ್ಕೆ ಮಕ್ಕಳನ್ನು ಕಳಿಸಿದ ತಂದೆತಾಯಿಗಳು ಏಳಬಾರದು.

ಮೊದಲು ಒಂದು ಮಾತು ನಿಮಗೆಲ್ಲ ಗೊತ್ತಿರಲಿ. ಅಧ್ಯಕ್ಷರ ಮುಂದೆ ಆ ಹಸಿರು ಫೈಲು ಇದೆಯಲ್ಲ, ಅದರಲ್ಲಿ ಶಿಬಿರದ ವರದಿ ಇದೆ. ಈ ಸಭೆ ಮುಗಿದ ಮೇಲೆ ಅವರು ಅದಕ್ಕೆ ಸಹಿ ಹಾಕುತ್ತಾರೆ. ನಾಳೆ ಅದು ವಿದ್ಯಾವತಿ ಮೇಡಂ ಅವರ ಮೇಲಿನವರಿಗೆ ಹೋಗುತ್ತದೆ. ಮೇಡಂ ಯಡ್ರಾಮಿ ಕಡೆಯವರು, ಕಾಯಂ ನೌಕರಿ ಇಲ್ಲ, ವರ್ಷ ವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ವರದಿ ಹೋದರೆ ಬರುವ ಜೂನಿನಲ್ಲಿ ಅವರು ಮನೆಯಲ್ಲಿ ಕೂಡಬೇಕು. ಅದರಲ್ಲಿ ಹೀಗೆ ಬರೆದಿದೆ: ಶಿಕ್ಷಕಿಯು ಮಕ್ಕಳ ಎಣಿಕೆಯಲ್ಲಿ ನಿರ್ಲಕ್ಷ್ಯ ತೋರಿದ್ದರಿಂದ ಒಬ್ಬ ವಿದ್ಯಾರ್ಥಿನಿ ಕಬ್ಬಿನ ಗದ್ದೆಯಲ್ಲಿ ಕಳೆದುಹೋದಳು, ಹಿರಿಯರಾದ ದೌಲತರಾಯರು ತಮ್ಮ ಅನುಭವದಿಂದ ಹೆಜ್ಜೆ ಗುರುತಿಸಿ ಅವಳನ್ನು ಉಳಿಸಿದರು.

ದೌಲತರಾಯ ಎಂದರೆ ನಾನೇ. ಪತ್ರಿಕೆಯಲ್ಲಿ ಹುಡುಗಿಯ ಕೈ ಹಿಡಿದು ನಿಂತ ಫೋಟೋ ಬಂದಿತ್ತಲ್ಲ, ಆ ಮುದುಕ.

ನನ್ನ ಕಸುಬು ಏನೆಂದು ಕೆಲವರಿಗೆ ಗೊತ್ತಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಐವತ್ತು ವರ್ಷ ಕಳೆದುಹೋದ ದನಗಳ ಹೆಜ್ಜೆ ಹಿಡಿದು ತಿರುಗಿದೆ. ಎತ್ತು ಕಳೆದರೆ ನನ್ನನ್ನು ಕರೆಯುತ್ತಿದ್ದರು. ಭೀಮಾ ನದಿಯ ಆಚೆ ದಂಡೆಗೆ ದಾಟಿಸಿದ ಎತ್ತನ್ನೂ ತಂದಿದ್ದೇನೆ. ಕರಿಮಣ್ಣಿನ ಮೇಲೆ ನಿನ್ನೆಯ ಹೆಜ್ಜೆ ಯಾವುದು, ಇವತ್ತಿನದು ಯಾವುದು ಎಂದು ಹೇಳಬಲ್ಲೆ. ಹೊಟ್ಟೆಯಲ್ಲಿ ಕರು ಇರುವ ಎಮ್ಮೆಯ ಹೆಜ್ಜೆ ಹೇಳಬಲ್ಲೆ. ಈಗ ದನಗಳೂ ಕಡಿಮೆ, ಕದಿಯುವವರು ಟೆಂಪೋ ತರುತ್ತಾರೆ, ಡಾಂಬರಿನ ಮೇಲೆ ನಾನೇನು ನೋಡಲಿ? ಅದಕ್ಕೆ ಈ ಶಿಬಿರದವರು ಬಂದು, ಮಕ್ಕಳಿಗೆ ಕಲಿಸಿ ಎಂದಾಗ ನನಗೆ ಬಹಳ ಹಿಗ್ಗಾಯಿತು. ಸುಳ್ಳೇಕೆ ಹೇಳಲಿ? ಹೊಸ ಧೋತರ ತಂದೆ.

ಮೊದಲ ದಿನ ಮಕ್ಕಳಿಗೆ ನನ್ನ ಕಥೆ ಹೇಳಿದೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಅಫಜಲಪುರದ ಸಂತೆಯಿಂದ ಬರುವಾಗ ಊರಿಗೆ ಎರಡು ಹರದಾರಿ ಇರುವ ಹಳ್ಳದ ದಂಡೆಯಲ್ಲಿ ನನ್ನನ್ನು ಇಳಿಸಿ ಬಂಡಿ ಹೊಡೆದುಕೊಂಡು ಹೋದ. ಕಲಿಯಲಿ ಎಂದು. ಬಂಡಿಯ ಗಾಲಿಯ ಜಾಡು ನೋಡುತ್ತ ನೋಡುತ್ತ ನಾನು ಮನೆಗೆ ಬಂದೆ. ಯಾರೂ ಕೂಗಲಿಲ್ಲ, ಯಾರೂ ಹುಡುಕಿಕೊಂಡು ಬರಲಿಲ್ಲ, ಅದಕ್ಕೇ ನಾನು ಕಲಿತೆ ಎಂದು ಹೇಳಿದೆ. ಕೂಗಿದರೆ ಮಗು ಕಿವಿ ಕೊಡುತ್ತದೆ, ಕಣ್ಣು ಕೊಡುವುದಿಲ್ಲ. ಇದು ನನ್ನ ಕಾನೂನು. ಅರವತ್ತು ವರ್ಷ ಇದನ್ನೇ ಹೇಳಿದ್ದೇನೆ. ಒಮ್ಮೆ ಅವ್ವ ತೊಗರಿ ಹಸನು ಮಾಡುತ್ತ ಕೂತಾಗ, "ಕಲಿಸಾಕ ಎಲ್ಲಿ ಬಿಟ್ಟಿದ್ನೋ ನಿಮ್ಮಪ್ಪ, ಎತ್ತಿನ ಯಾಪಾರದ ಮಾತಿನ್ಯಾಗ ನಿನ್ನ ಮರ್ತು ಬಂದಿದ್ದ" ಎಂದಳು. ಅದು ಇರಲಿ. ಅದು ಇಲ್ಲಿಯ ಮಾತಲ್ಲ.

ಹಿಂದಿನ ಸಾಲಿನವರು ಮೊಬೈಲು ಒಳಗಿಡಿ. ಶೂಟಿಂಗ್ ಮಾಡುವುದಿದ್ದರೆ ಪೂರ್ತಿ ಮಾಡಿ, ತುಂಡು ತುಂಡು ಬೇಡ.

ಸಂಕ್ರಾಂತಿ ಮುಗಿದ ನಾಲ್ಕನೆಯ ದಿನ. ಶಿಬಿರ ಭೂಸನೂರಿನ ಕಡೆ ಹಳ್ಳದ ದಂಡೆಯ ಮೇಲಿತ್ತು. ಸುತ್ತಲೂ ಕಬ್ಬು. ನನ್ನ ಗುಂಪಿನಲ್ಲಿ ಹನ್ನೆರಡು ಮಕ್ಕಳು. ಆ ದಿನದ ಪಾಠ ಗಂಟು. ಹೆಜ್ಜೆ ಹಿಡಿಯುವವರಲ್ಲಿ ಒಂದು ಪದ್ಧತಿ ಇದೆ: ಮುಂದೆ ಹೋದವನು ದಾರಿಯ ಬದಿಯ ಹುಲ್ಲಿಗೆ ಗಂಟು ಹಾಕುತ್ತಾನೆ, ಗಂಟಿನ ತುದಿ ಯಾವ ಕಡೆ ಬಾಗಿರುತ್ತದೋ ಆ ಕಡೆ ಹೋಗಬೇಕು. ನಾನು ಹಿಂದಿನ ಸಂಜೆಯೇ ಹಳ್ಳದಿಂದ ಬಾವಿಯ ಹತ್ತಿರದ ಬೇವಿನ ಮರದವರೆಗೆ ಹದಿನಾಲ್ಕು ಗಂಟು ಹಾಕಿ ಬಂದಿದ್ದೆ. ಮಧ್ಯಾಹ್ನದ ಮೇಲೆ ಮಕ್ಕಳು ಐದು ಐದು ನಿಮಿಷಕ್ಕೆ ಒಬ್ಬೊಬ್ಬರಾಗಿ ಬರಬೇಕು. ನಾನು, ಮೇಡಂ ಬೇವಿನ ಕೆಳಗೆ ಕೂತಿದ್ದೆವು. ಹಳ್ಳದ ಕಡೆ ಅವರನ್ನು ಬಿಡಲು ಇನ್ನೊಬ್ಬರಿದ್ದರು.

ಜೇವರ್ಗಿಯ ಮೆಹನಾಜ ಐದನೆಯವಳಾಗಿ ಹೊರಟಳು. ಏಳನೆಯ ತರಗತಿ. ಆರನೆಯವನು ಬಂದ. ಏಳನೆಯವಳು ಬಂದಳು. ಅವಳು ಬರಲಿಲ್ಲ.

ಈಗ ನೀವೇ ಹೇಳಿ, ಎಣಿಕೆ ತಪ್ಪಿದ್ದು ಯಾರಿಗೆ?

ಮೇಡಂ ಎದ್ದು ನಿಂತರು. "ಕಾಕಾ, ಮೆಹನಾಜ ಬಂದಿಲ್ರಿ. ಆಕಿ ಹಿಂದಿನವ್ರು ಇಬ್ರೂ ಬಂದ್ರು."

"ಬರ್ತಾಳ ಕೂಡ್ರಿ" ಎಂದೆ. "ಆಕಿ ಚೊಲೋ ಹೆಜ್ಜಿ ನೋಡ್ತಾಳ."

"ಸೀಟಿ ಊದ್ತೇನಿ."

"ಊದಬ್ಯಾಡ್ರಿ. ಊದಿದ್ರ ನಾಕ್ ದಿವ್ಸ ಕಲ್ಸಿದ್ದೆಲ್ಲ ಮಣ್ಣಾಗ ಹೋಗ್ತದ."

"ಪಾಠ ಹೋದ್ರ ಹೋಗಲಿ ಬಿಡ್ರಿ ಕಾಕಾ, ಪೋರಿ ಸಿಗಬೇಕಲ್ಲ."

ಅವರು ಸೀಟಿ ಬಾಯಿಗಿಟ್ಟರು. ನಾನು ಕೈ ಚಾಚಿ ಅದನ್ನು ಕಸಿದುಕೊಂಡೆ. ಹೌದು, ಕಸಿದುಕೊಂಡೆ. ಕೊರಳಿನ ದಾರ ಹರಿಯಿತು. ನನ್ನ ಅಂಗಿಯ ಜೇಬಿನಲ್ಲಿ ಹಾಕಿಕೊಂಡು, "ನಿಮ್ಮ ಸಾಲಿ ಬ್ಯಾರೆ, ನಮ್ಮ ಸಾಲಿ ಬ್ಯಾರೆ" ಎಂದೆ. ಮಕ್ಕಳು ನೋಡುತ್ತಿದ್ದರು. ಇದು ವರದಿಯಲ್ಲಿ ಇಲ್ಲ.

ಎಂಟನೆಯವನು ಬಂದ, ಒಂಬತ್ತನೆಯವಳು ಬಂದಳು, ಕಡೆಯವರವರೆಗೆ ಎಲ್ಲರೂ ಬಂದರು. ಅರ್ಧ ತಾಸು ನಾನು ಹಾಗೇ ಕೂತಿದ್ದೆ. ಎಷ್ಟು ಸಲ ಕೇಳಿದರು ಆ ಹೆಣ್ಣುಮಗಳು? ಮೂರು ಸಲ ಕೇಳಿದರು. ಮೂರನೆಯ ಸಲ ನಾನು ಮುಖ ಆಚೆ ತಿರುಗಿಸಿದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟು, ಸೀರೆ ಎತ್ತಿ ಕಟ್ಟಿ, ಗಂಟಿನ ದಾರಿಯಲ್ಲಿ ಹಿಂದಕ್ಕೆ ಓಡಿದರು.

ಹುಡುಗಿ ಎಲ್ಲಿ ಹೋಗಿದ್ದಳು? ಕೇಳಿ. ಆ ದಿನ ಬೆಳಿಗ್ಗೆ ಕಬ್ಬು ಕಡಿಯುವ ಕೂಲಿಗಳ ಟೋಳಿ ಬಂದು ಇಳಿದಿತ್ತು. ಟೋಳಿಯವರು ತಮ್ಮ ತಮ್ಮ ಪಾಲಿನ ಸಾಲು ಗೊತ್ತಾಗಲಿ ಎಂದು ಕಬ್ಬಿನ ಗರಿಗಳನ್ನು ಕೂಡಿಸಿ ಗಂಟು ಹಾಕುತ್ತಾರೆ. ನನ್ನ ಆರನೆಯ ಗಂಟು ಕಬ್ಬಿನ ಅಂಚಿನಲ್ಲಿತ್ತು. ಅದರ ಪಕ್ಕದಲ್ಲೇ ಟೋಳಿಯವರ ಗಂಟು, ತುದಿ ಕಬ್ಬಿನ ಒಳಗೆ ಬಾಗಿದ್ದು. ಒಳಗೆ ಇನ್ನೊಂದು, ಅದರಾಚೆ ಮತ್ತೊಂದು. ಉಳಿದ ಮಕ್ಕಳು ಅರ್ಧ ಗಂಟು ನೋಡಿ, ಅರ್ಧ ಮುಂದಿನವರ ಚಪ್ಪಲಿಯ ಗುರುತು ನೋಡಿ ಬಂದವರು. ಆಕೆಯೊಬ್ಬಳೇ ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಅದಕ್ಕೇ ಕಬ್ಬಿನ ಒಳಗೆ ಹೋದಳು.

ಟೋಳಿಯ ಗಂಟು ನನಗೆ ಗೊತ್ತಿರಲಿಲ್ಲವೇ? ನಾನೇ ಎರಡು ಹಂಗಾಮು ಕಬ್ಬು ಕಡಿದಿದ್ದೇನೆ. ನನ್ನ ಕೈಯಿಂದ ಅಂಥ ಗಂಟು ಹಾಕಿದ್ದೇನೆ. ಸಂಜೆ ಹಾಕಿದ ಗುರುತನ್ನು ಬೆಳಿಗ್ಗೆ ಇನ್ನೊಮ್ಮೆ ನಡೆದು ನೋಡದೆ ಯಾರನ್ನೂ ಬಿಡಬಾರದು, ಇದು ಈ ಕಸುಬಿನ ಮೊದಲ ಮಾತು. ನಾನು ನಡೆಯಲಿಲ್ಲ. ಬೆಳಿಗ್ಗೆ ಚಳಿ ಇತ್ತು, ಮಂಡಿ ಹಿಡಿದಿತ್ತು, ಪತ್ರಿಕೆಯವನು ಮಾತಾಡಿಸಲು ಬಂದಿದ್ದ. ಅವನ ಮುಂದೆ ಕೂತು ನನ್ನ ದೊಡ್ಡತನ ಹೇಳುತ್ತಿದ್ದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಮಯವಾಯಿತು ಎಂದು ಬರೆದಿದ್ದಾರೆ. ಓದಿದೆ. ಜೇಬಿನಲ್ಲಿ ಇಟ್ಟೆ.

ಆ ಹೊತ್ತಿಗೆ ಸಂಜೆ ಐದು. ಗಾಳಿ ನಿಂತ ಹೊತ್ತಿನಲ್ಲಿ ಕಬ್ಬಿಗೆ ಬೆಂಕಿ ಹಚ್ಚಿ ಒಣಗರಿ ಸುಡುತ್ತಾರೆ, ಮರುದಿನ ಕಡಿಯುವುದು ಸಲೀಸಾಗುತ್ತದೆ. ಮೇಡಂ ಓಡಿ ಹೋಗುವ ಹೊತ್ತಿಗೆ ಟೋಳಿಯ ಮುಖ್ಯಸ್ಥ ಮುಕ್ರಮ ಕೈಯಲ್ಲಿ ಉರಿಯುವ ಗರಿ ಹಿಡಿದು ನಿಂತಿದ್ದ. ಆಚೆ ಮೂಲೆಯಲ್ಲಿ ಅವನ ಕಡೆಯವರು ಆಗಲೇ ಹಚ್ಚಿದ್ದರು. ಇವರ ನಡುವೆ ಆದ ಮಾತನ್ನು ಮುಕ್ರಮ ನನಗೆ ಆಮೇಲೆ ಹೇಳಿದ, ಒಂದಕ್ಷರ ಬಿಡದೆ ಹೇಳುತ್ತೇನೆ.

"ಬಾಜೂ ಸರೀರಿ ಮೇಡಂ. ಗಾಳಿ ನಿಂತದ."

"ಹಚ್ಚಬ್ಯಾಡ್ರಿ. ಒಳಗ ಹುಡುಗಿ ಅದಾಳ."

"ಹೋಗಾದು ನೋಡೀರೇನು?"

"ನೋಡಿಲ್ಲ."

"ಮತ್ತ್ಯಾಂಗ ಹೇಳ್ತೀರಿ?"

"ನೋಡಿಲ್ಲ ಅಂತನೇ ಹೇಳಾಕತ್ತೇನಿ. ನೀವು ಕಬ್ಬಿನ್ಯಾಗ ಯಾರೂ ಇಲ್ಲ ಅಂತ ನೋಡೀರೇನು?"

ಮುಕ್ರಮ ಕೈಯಲ್ಲಿದ್ದ ಉರಿಯುವ ಗರಿಯನ್ನು ಕಾಲುವೆಯ ನೀರಿನಲ್ಲಿ ಎಸೆದು, ಆಚೆ ಮೂಲೆಯವರಿಗೆ, "ಆರಸ್ರಲೇ, ಮನಿಷ್ಯಾರು ಅದಾರ ಒಳಗ" ಎಂದು ಕೂಗಿದ. ಹತ್ತು ಹನ್ನೆರಡು ಮಂದಿ ಹಸಿ ಕಬ್ಬಿನಿಂದ, ತೊಯ್ದ ಗೋಣಿಯಿಂದ ಬಡಿದರು. ಮೇಡಂ ಕೂಡ ಒಂದು ಗೋಣಿ ಹಿಡಿದು ಬಡಿದರು. ಅವರ ಬಲಗೈಗೆ ಕಟ್ಟಿರುವ ಪಟ್ಟಿ ನೋಡಿ, ಅದು ಬೆಂಕಿ ಬಡಿಯುವಾಗ ಸುಟ್ಟ ಗಾಯ. ಅಷ್ಟರೊಳಗೆ ಕಬ್ಬಿನ ಒಂದು ಮೂಲೆ ಕರ್ರಗಾಗಿತ್ತು. ಹೊಗೆ ಗದ್ದೆಯೊಳಗೆಲ್ಲ ತುಂಬಿತ್ತು. ಮೇಡಂ ಹೆಸರು ಹಿಡಿದು ಕೂಗಿದರು. ಕಬ್ಬಿನೊಳಗೆ ಮನುಷ್ಯರ ದನಿ ಹತ್ತು ಮಾರು ಹೋಗುವುದಿಲ್ಲ. ಸೀಟಿಯಾದರೆ ಹೋಗುತ್ತದೆ. ಸೀಟಿ ಎಲ್ಲಿತ್ತು?

ಹೊಗೆ ಕಂಡು ನಾನು ಓಡಿ ಬಂದೆ. ಎಪ್ಪತ್ತೊಂದು ವರ್ಷದ ಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು. ಆರನೆಯ ಗಂಟಿನ ಹತ್ತಿರ ಬಂದು ನಿಂತಾಗ ಪಕ್ಕದ ಗಂಟು ಕಣ್ಣಿಗೆ ಬಿತ್ತು. ಆಗ ನನಗೆ ಎಲ್ಲ ತಿಳಿಯಿತು. ಈಗ ಪತ್ರಿಕೆಯವರು ಬರೆದುಕೊಳ್ಳಿ: ನಾನು ಯಾವ ಹೆಜ್ಜೆಯನ್ನೂ ನೋಡಲಿಲ್ಲ. ಹೊಗೆಯಲ್ಲಿ ಕಣ್ಣು ಬಿಡಲು ಬರುತ್ತಿರಲಿಲ್ಲ. ಜೇಬಿನಿಂದ ಸೀಟಿ ತೆಗೆದು ಮೂರು ಸಲ ಊದಿದೆ. ಮತ್ತೆ ಮೂರು ಸಲ. ಮತ್ತೆ ಮೂರು ಸಲ.

ಮೂರು ಸೀಟಿ ಕೇಳಿದರೆ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಸದ್ದಿನ ಕಡೆಗೆ ನಡೆದು ಬರಬೇಕು. ಇದು ಯಾರು ಕಲಿಸಿದ ಪಾಠ? ಮೊದಲ ದಿನ ಬೆಳಿಗ್ಗೆ ವಿದ್ಯಾವತಿ ಮೇಡಂ ಕಲಿಸಿದ ಪಾಠ. ಆಗ ನಾನು ಮಕ್ಕಳೆದುರೇ ನಕ್ಕು, ಇದೇನು ಕುರಿ ಕಾಯುವುದೇ ಎಂದಿದ್ದೆ. ಆ ಹುಡುಗಿ ಬಂದಳು. ದುಪಟ್ಟಾ ಮೂಗಿಗೆ ಕಟ್ಟಿಕೊಂಡು, ಗರಿ ಕೊಯ್ದು ಕೈಯೆಲ್ಲ ಗೀರು ಬಿದ್ದು, ತಾನಾಗಿ ನಡೆದು ಬಂದಳು. ನನ್ನನ್ನು ನೋಡಿ ಅಳಲಿಲ್ಲ. "ಕಾಕಾ, ನಿಮ್ಮ ಗಂಟು ಮುಗೀಲೇ ಇಲ್ಲಲ್ರಿ" ಎಂದಳು. ನಾನು ಅವಳ ಕೈ ಹಿಡಿದೆ. ಅವಳನ್ನು ಸಮಾಧಾನ ಮಾಡಲು ಹಿಡಿದೆ ಎಂದು ಎಲ್ಲರೂ ತಿಳಿದರು. ನಾನು ಬೀಳಬಾರದು ಎಂದು ಹಿಡಿದೆ. ಸಂಜೆಯವರೆಗೂ ಶಿಬಿರದಲ್ಲೇ ಉಳಿದಿದ್ದ ಪತ್ರಿಕೆಯವನು ಅದನ್ನೇ ಫೋಟೋ ಹೊಡೆದ.

ಇಷ್ಟಾದ ಮೇಲೆ ನೀವು ಕೇಳಬಹುದು: ಮುದುಕ, ಇದನ್ನೆಲ್ಲ ಅವತ್ತೇ ಏಕೆ ಹೇಳಲಿಲ್ಲ? ಎರಡು ದಿನ ಬಿಟ್ಟು ಅಧ್ಯಕ್ಷರು ವರದಿ ಹಿಡಿದು ಮನೆಗೆ ಬಂದರು. "ಕಾಕಾ, ನಿಮ್ಮ ಹೆಸರು ದೊಡ್ಡದದ, ಶಿಬಿರ ನಿಮ್ಮ ಮ್ಯಾಲ ನಿಂತದ. ಆಕಿ ಇನ್ನಾ ಸಣ್ಣಾಕಿ, ಎಲ್ಲ್ಯಾದ್ರೂ ಹೊಟ್ಟಿ ಹೊರ್ಕೋತಾಳ" ಎಂದರು. ಸಾಕ್ಷಿ ಎಂದು ನನ್ನ ಸಹಿ ಬೇಕಾಗಿತ್ತು. ಮುದುಕನಿಗೆ ಓದಲು ಬರುವುದಿಲ್ಲ, ಪಾಪ, ತೋರಿಸಿದಲ್ಲಿ ಸಹಿ ಹಾಕಿದ ಎಂದು ನಿಮ್ಮಲ್ಲಿ ಯಾರೋ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ. ಅಂದುಕೊಳ್ಳಬೇಡಿ. ಮೂರನೆಯ ಇಯತ್ತೆಯವನಿಗೆ ಓದಲು ಬರುತ್ತದೆ. ಬೆರಳಿಟ್ಟು ಓದಿದೆ. ಎರಡು ಪುಟಕ್ಕೆ ಅರ್ಧ ತಾಸು ಹಿಡಿಯಿತು. ಎಣಿಕೆಯಲ್ಲಿ ನಿರ್ಲಕ್ಷ್ಯ ಎಂಬ ಸಾಲನ್ನು ಎರಡು ಸಲ ಓದಿದೆ. ಅಧ್ಯಕ್ಷರು ತಾಳ್ಮೆಯಿಂದ ಕಾದರು, ಅದನ್ನು ಒಪ್ಪಬೇಕು. ಓದಿ ಮುಗಿಸಿ, ಪೆನ್ನು ಕೊಡಿ ಎಂದೆ. ಸಹಿ ಹಾಕಿದೆ. ಶಾಲು ಯಾವ ಬಣ್ಣದ್ದು ಎಂದು ಕೂಡ ಕೇಳಿದೆ.

ಅಧ್ಯಕ್ಷರು ಎದ್ದು ನಿಂತಿದ್ದಾರೆ. ನಿಲ್ಲಿ, ನಿಮಗೂ ಕಾಲು ಬಿಗಿದಿರುತ್ತದೆ. ಮೈಕಿನವನೇ, ಫಯಾಜ, ಅವರು ಸನ್ನೆ ಮಾಡುತ್ತಿದ್ದಾರೆ, ನೀನು ನೋಡಬೇಡ. ಆರಿಸಿದರೂ ಅಡ್ಡಿಯಿಲ್ಲ, ಐವತ್ತು ವರ್ಷ ಹೊಲದಲ್ಲಿ ಮಾತಾಡಿದವನ ದನಿ ಇದು, ಬಸ್‌ಸ್ಟ್ಯಾಂಡಿನವರೆಗೆ ಹೋಗುತ್ತದೆ.

ಮೆಹನಾಜಳ ತಾಯಿ ಸರ್ವರಬೇಗಂ ಎಡಗಡೆ ಕೂತಿದ್ದಾರೆ. ತಾಯಿ, ನೀವು ಸಭೆ ಶುರುವಾಗುವ ಮೊದಲು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿರಿ. ಆಗಲೇ ಹೇಳಬೇಕಾಗಿತ್ತು. ನಿಮ್ಮ ಮಗಳು ಸುಟ್ಟುಹೋಗಿದ್ದರೆ ಅದು ನನ್ನ ಜೇಬಿನಿಂದ ಆಗುತ್ತಿತ್ತು. ನೀವು ಈಗ ಏನು ಬೈದರೂ ಬೈಯಿರಿ, ನಾನು ಇಲ್ಲೇ ಇದ್ದೇನೆ. ಆದರೆ ಮಗಳನ್ನು ಮುಂದೆ ಶಿಬಿರಕ್ಕೆ ಕಳಿಸುವುದಿಲ್ಲ ಎನ್ನಬೇಡಿ. ಹೊಲ, ಹಳ್ಳ, ಹೆಜ್ಜೆ ಇವುಗಳ ತಪ್ಪಿಲ್ಲ. ಅವಳಿಗೆ ಕಣ್ಣಿದೆ. ಕಲಿಸುವವನಿಗೆ ಕಿವಿ ಇರಲಿಲ್ಲ.

ಅಧ್ಯಕ್ಷರೇ, ಈಗ ನಾನು ಈ ಮೈಕು ಬಿಟ್ಟು ನಿಮ್ಮ ಮೇಜಿಗೆ ಬರುತ್ತೇನೆ. ಆ ಹಸಿರು ಫೈಲು ತೆಗೆಯಿರಿ. ನನ್ನ ಸಹಿಯನ್ನು ನಾನೇ ಹೊಡೆದು ಹಾಕುತ್ತೇನೆ. ಕೆಳಗೆ ನಾಲ್ಕು ಸಾಲು ಬರೆಯುತ್ತೇನೆ, ಅಕ್ಷರ ಸೊಟ್ಟಗಿರುತ್ತದೆ, ತಡವಾಗುತ್ತದೆ, ಎಲ್ಲರೂ ಕಾಯಬೇಕು. ಸೀಟಿ ಕಸಿದದ್ದು ಬರೆಯುತ್ತೇನೆ, ಬೆಳಿಗ್ಗೆ ದಾರಿ ನಡೆದು ನೋಡದೆ ಇದ್ದದ್ದು ಬರೆಯುತ್ತೇನೆ. ಅದರ ಕೆಳಗೆ ಹೊಸ ಸಹಿ ಹಾಕುತ್ತೇನೆ. ಆಮೇಲೆ ನಿಮಗೆ ಬೇಕಾದರೆ ಆ ವರದಿಯನ್ನು ಕಳಿಸಿರಿ, ಎಲ್ಲಿಗೆ ಬೇಕಾದರೂ ಕಳಿಸಿರಿ. ಶಾಲನ್ನು ಮುಕ್ರಮನಿಗೆ ಹೊದಿಸಿರಿ. ತಾನು ನೋಡಿಲ್ಲ ಎಂದು ಒಪ್ಪಿಕೊಂಡ ಹೆಣ್ಣುಮಗಳ ಮಾತು ಕೇಳಿ, ಹಚ್ಚಿದ ಬೆಂಕಿ ಆರಿಸಿದವನು ಅವನು. ಅವನು ಇಲ್ಲಿಲ್ಲ, ಯಾವುದೋ ಕಬ್ಬಿನಲ್ಲಿ ಇದ್ದಾನೆ. ಹುಡುಕಿಕೊಂಡು ಹೋಗಿ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆ ಧನ್ಯವಾದ. ಮೈಕು ಆರಿಸದ ಫಯಾಜನಿಗೆ ಧನ್ಯವಾದ.

ಮೇಡಂ, ನೀವು ಏಕೆ ಎದ್ದಿರಿ? ಬರಬೇಡಿ, ಅಲ್ಲೇ ಕೂಡಿರಿ. ಮೇಜಿನ ಕೆಲಸ ಮುಗಿಸಿ ನಾನೇ ನಿಮ್ಮ ಸಾಲಿಗೆ ಬರುತ್ತೇನೆ. ನಿಮ್ಮ ಹತ್ತಿರ ಬಂದು ಹೇಳುವ ಮಾತು ಬೇರೆ ಇದೆ, ಅದು ಮೈಕಿನ ಮಾತಲ್ಲ.

ಎಲ್ಲರಿಗೂ ನಮಸ್ಕಾರ.